ಏನೂ ಇಲ್ಲ ಎಂದ ಸಿರಿಲ್ ಗಾಟ್ಸ್

ಸಿರಿಲ್ ಗಾಟ್ಸ್ ಆ ಬೆಳಿಗ್ಗೆ ಸೆಲರಿ ದಂಟಿನ ಡಬ್ಬಿಯನ್ನು ಅಡುಗೆಮನೆಯ ಮೇಜಿನ ಮೇಲೆ ಮರೆತುಬಿಟ್ಟ. ಮರೆತೆ ಅನ್ನುವುದು ಅವನ ಮಾತು. ಡಬ್ಬಿಯನ್ನು ಎತ್ತಿ, ಮುಚ್ಚಳ ತೆಗೆದು, ಮೂಸಿ, ಮುಖ ಹುಳ್ಳಗೆ ಮಾಡಿಕೊಂಡು, ಮತ್ತೆ ಅಲ್ಲೇ ಇಟ್ಟು, ಮೇಲೊಂದು ಪೇಪರು ಮುಚ್ಚಿ ಹೊರಡುವುದಕ್ಕೆ ಮರೆವು ಅಂತ ಹೆಸರಿದ್ದರೆ ಅವನು ಮರೆತದ್ದು ನಿಜ.

ಡಬ್ಬಿ ಕಟ್ಟಿದವಳು ಹೆಂಡತಿ ಮಾವಿಸ್. ಬೇಸಿಗೆಯಲ್ಲಿ ಡಾಕ್ಟರು ಸಿರಿಲ್‌ನ ರಕ್ತ ಪರೀಕ್ಷೆ ಮಾಡಿಸಿ ಕೊಬ್ಬು ಏರಿದೆ ಅಂದಿದ್ದರು. ಅಂದಿನಿಂದ ಆ ಮನೆಗೆ ಬೆಣ್ಣೆ ಬರುವಂತಿಲ್ಲ, ಬೇಕನ್ ಬರುವಂತಿಲ್ಲ, ಹಿಟ್ಟಿನೊಳಗೆ ಹಂದಿಮಾಂಸ ತುಂಬಿ ಸುಟ್ಟ ಪೋರ್ಕ್ ಪೈಯ ಹೆಸರನ್ನೇ ಎತ್ತುವಂತಿಲ್ಲ. ಗಂಡನಿಗೆ ಧೈರ್ಯ ಬರಲಿ ಅಂತ ಮಾವಿಸ್ ತಾನೂ ಅದೇ ಪಥ್ಯ ಹಿಡಿದಿದ್ದಳು. "ನಾನು ಬಿಟ್ಟಿಲ್ವೇನ್ರೀ? ನಿಮಗೇನು ಧಾಡಿ?" ಎಂದು ಅವಳು ಕೇಳಿದರೆ ಸಿರಿಲ್‌ಗೆ ಇನ್ನೊಂದು ಸೆಲರಿ ದಂಟು ಕಚ್ಚುವುದೇ ಗತಿ. ಈಗ ಅವನು ನೆಟ್ಟಗೆ ಮಾಂಸದಂಗಡಿಗೆ ಹೋಗಿ, ಅಂಗೈಯಗಲದ ಒಂದು ಪೈ ಕೊಂಡು, ಹಸುಗೂಸನ್ನು ಹೊದಿಸಿದಂತೆ ಕಾಗದದಲ್ಲಿ ಸುತ್ತಿ, ಕೋಟಿನ ಒಳಜೇಬಿಗೆ ಇಳಿಸಿಕೊಂಡ.

ಅಕ್ಟೋಬರಿನಲ್ಲಿ ಮೂಡಣ ಗಾಳಿ ಬೀಸಿ, ಮೇಲಿಷ್ಟು ತುಂತುರು ಬಿದ್ದರೆ ಕಡಲ ದಂಡೆಯ ಊರಾದ ನಮ್ಮ ಮಾರ್ಸ್‌ಬಿಯಲ್ಲಿ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ಕ್ಷೌರದಂಗಡಿ ಬಾಗಿಲು ಹಾಕುತ್ತದೆ, ಹಲ್ಲಿನ ಡಾಕ್ಟರಿಗೆ ದಿಢೀರನೆ ಜ್ವರ ಬರುತ್ತದೆ. ಸೈಬೀರಿಯಾದಿಂದ ದಾರಿ ತಪ್ಪಿದ ಪುಟ್ಟ ಹಕ್ಕಿಗಳು ಸಮುದ್ರ ದಾಟಿ, ಸುಸ್ತಾಗಿ, ನಮ್ಮ ಉರುಟುಗಲ್ಲಿನ ದಂಡೆಯ ಪೊದೆಗಳಿಗೆ ಬಂದು ಬೀಳುವ ಕಾಲ ಅದು. ಊರಿಗೆ ಊರೇ ಕತ್ತಿಗೆ ದುರ್ಬೀನು ನೇತುಹಾಕಿಕೊಂಡು ದಂಡೆಗೂ ಅದರ ಹಿಂದಿನ ಜೌಗಿಗೂ ಓಡಾಡುತ್ತಿರುತ್ತದೆ.

ಸಿರಿಲ್‌ಗೆ ಆ ದಿನ ಬಹಳ ದೊಡ್ಡ ದಿನ. ಹಿಂದಿನ ಅಕ್ಟೋಬರಿನಲ್ಲಿ ಅವನು ದಂಡೆಯ ಮೇಲೆ ಬೆಳ್ಳಗಿನ ಹಿಮಗೂಬೆ ಕೂತಿದೆ ಎಂದು ಸಾರಿಬಿಟ್ಟಿದ್ದ. ದೇಶದ ಮೂಲೆಮೂಲೆಯಿಂದ ಜನ ರಾತ್ರಿಯೆಲ್ಲ ಕಾರೋಡಿಸಿಕೊಂಡು ಬಂದರು. ಬೆಳಕಾದ ಮೇಲೆ ಗೂಬೆ ಗಾಳಿಗೆ ಮಗುಚಿ ಬಿದ್ದಾಗ ಅದರ ಹೊಟ್ಟೆಯ ಮೇಲೆ ಗೊಬ್ಬರದ ಕಂಪನಿಯ ಹೆಸರು, ಚೀಲದ ತೂಕ ಎರಡೂ ಅಚ್ಚಾಗಿದ್ದವು. ಹಕ್ಕಿ ಸಂಘದ ಅಧ್ಯಕ್ಷೆ ಹಿಲ್ಡಾ ಲಾರ್ಟರ್, ನಿವೃತ್ತ ಹೆಡ್‌ಮಿಸ್ಟ್ರೆಸ್, ಅಲ್ಲೇ ತೀರ್ಪು ಕೊಟ್ಟರು. ಜೌಗಿನ ಅಂಚಿನಲ್ಲಿ, ಹಕ್ಕಿಗೆ ಕಾಣದಂತೆ ಒಳಗೆ ಕೂತು ಕಿಂಡಿಯಿಂದ ನೋಡುವ ಸಂಘದ ಮರೆಮನೆಯಲ್ಲಿ, ಕಬ್ಬಿಣದ ಒಲೆಯ ಪಕ್ಕದ ಮೂಲೆ ಜಾಗ ಸಿರಿಲ್‌ನದು. ಅದು ಒಂದು ವರ್ಷ ಅವನಿಗಿಲ್ಲ. ಇನ್ನೊಬ್ಬರ ಸಾಕ್ಷಿ ಇಲ್ಲದೆ ಅವನು ಹೇಳುವ ಹಕ್ಕಿ ಲೆಕ್ಕಕ್ಕಿಲ್ಲ. ವರ್ಷದೊಳಗೆ ಮತ್ತೊಂದು ತಪ್ಪು ಮಾಡಿದರೆ ಜಾಗದ ಆಸೆಯನ್ನೇ ಬಿಡಬೇಕು.

ಆ ವರ್ಷ ಅಂದು ಸಂಜೆಗೆ ಮುಗಿಯುತ್ತಿತ್ತು. ಚಳಿಗಾಲವಿಡೀ ಮರೆಮನೆಯ ಹೊರಗೆ ಮಳೆಯಲ್ಲಿ ನಿಂತು, ಕಿಂಡಿಯಿಂದ ಬರುವ ಒಲೆಯ ಬಿಸಿಗೆ ಕೈ ಕಾಯಿಸಿಕೊಂಡಿದ್ದ ಬಡಪಾಯಿ ಅವನು. ಆ ಮೂಲೆ ಸಿಕ್ಕರೆ ಸ್ವರ್ಗ ಸಿಕ್ಕಂತೆ. ಆದ್ದರಿಂದ ಸಂಜೆಯವರೆಗೆ ಯಾವ ಹಕ್ಕಿಯ ಹೆಸರನ್ನೂ ಎತ್ತುವುದಿಲ್ಲ ಅಂತ ಶಪಥ ಮಾಡಿಕೊಂಡಿದ್ದ.

ದಂಡೆಯ ಮೇಲೆ ಮೊದಲು ಎದುರಾದವನು ಕ್ಷೌರಿಕ ಡಡ್ಲಿ ಸ್ಪಿಂಕ್ಸ್. ಒಲೆಯ ಪಕ್ಕದ ಜಾಗವನ್ನು ಈ ಒಂದು ವರ್ಷ ಬೆಚ್ಚಗೆ ಕೂತು ಕಾದವನೂ ಅವನೇ.

"ಏನಾದ್ರೂ ಇದ್ಯಾ, ಸಿರಿಲ್?"

ನಮ್ಮಲ್ಲಿ ನಮಸ್ಕಾರದ ಬದಲು ಕೇಳುವುದೇ ಅದು. ಕೇಳಿದವರಿಗೆ ಕಂಡ ಹಕ್ಕಿಯನ್ನು ಹೇಳಲೇಬೇಕು. ಇಲ್ಲದ ಹಕ್ಕಿಯನ್ನು ಇದೆ ಎಂದವನನ್ನು ಒಂದು ವರ್ಷ ಹೊರಗಿಡುತ್ತಾರೆ. ಇರುವ ಹಕ್ಕಿಯನ್ನು ಬಚ್ಚಿಟ್ಟವನ ಮದುವೆಗೆ ಯಾರೂ ಹೋಗುವುದಿಲ್ಲ, ಮಣ್ಣಿಗೂ ಹೋಗುವುದಿಲ್ಲ.

"ಏನಿಲ್ಲ," ಎಂದ ಸಿರಿಲ್.

"ಏನೂ ಇಲ್ವಾ?"

"ಏನೂ ಇಲ್ಲ."

ಅಷ್ಟರಲ್ಲಿ ಅವರಿಬ್ಬರ ತಲೆಯ ಮೇಲೆ ಬಾತುಕೋಳಿಗಳ ದೊಡ್ಡ ಹಿಂಡೊಂದು ಆಕಾಶ ಕಿತ್ತುಹೋಗುವಂತೆ ಕೂಗಿಕೊಂಡು ಹಾದುಹೋಯಿತು. ಡಡ್ಲಿ ಮೇಲೆ ನೋಡಿದ, ಆಮೇಲೆ ಸಿರಿಲ್‌ನನ್ನು ನೋಡಿದ.

"ಮತ್ತೆ ಅವು?"

"ಯಾವು? ನಾನು ನೋಡ್ಲಿಲ್ಲಪ್ಪ," ಎಂದ ಸಿರಿಲ್. ಹೇಳುತ್ತಾ ಹೇಳುತ್ತಾ ಪೈ ಒಡೆದಿಲ್ಲ ತಾನೇ ಎಂದು ಕೋಟಿನ ಎದೆಯನ್ನೊಮ್ಮೆ ಮುಟ್ಟಿ ನೋಡಿಕೊಂಡು, ಅತ್ತಿತ್ತ ಕಣ್ಣು ಹಾಯಿಸಿ, ಸರಸರ ಹೊರಟುಬಿಟ್ಟ.

ಊರಿನ ಅರ್ಧ ಜನರ ಗಡ್ಡ ಕೆರೆದು ಅವರ ಗುಟ್ಟು ಬಲ್ಲವನು ಡಡ್ಲಿ. ಅವನು ಕೂಡಲೇ ಹಿಲ್ಡಾಗೆ ಫೋನ್ ಮಾಡಿದ. "ಮೇಡಂ, ಸಿರಿಲ್ ಏನೂ ಇಲ್ಲ ಅಂತಿದ್ದಾನೆ."

"ಮೂಡಣ ಗಾಳೀಲಿ? ತುಂತುರಲ್ಲಿ? ಏನೂ ಇಲ್ವಾ?" ಹಿಲ್ಡಾ ಊರುಗೋಲು ಕೈಗೆತ್ತಿಕೊಂಡರು. "ಹಾಗಾದ್ರೆ ಏನೋ ಭಾರೀದೇ ಇದೆ. ಅವನ ಬೆನ್ನು ಬಿಡಬೇಡ."

ಸಿರಿಲ್ ಪೈ ತಿನ್ನಲು ಮೊದಲು ಹೋದದ್ದು ಜೌಗಿನ ಜೊಂಡಿನ ದಾರಿಗೆ. ಕೂತು ಜೇಬಿಗೆ ಕೈ ಹಾಕಿದ್ದೇ ತಡ, ಜೊಂಡಿನ ಆಚೆಯಿಂದ ಮೂರು ಟೆಲಿಸ್ಕೋಪುಗಳು ಅವನ ಕಡೆ ತಿರುಗಿದವು. ಅವನು ಕೈ ತೆಗೆದು ಮೂಗು ಒರೆಸಿಕೊಂಡ. ಅಲ್ಲಿಂದ ಶೌಚಾಲಯದ ಹಿಂಭಾಗಕ್ಕೆ ಹೋದ. ಅಲ್ಲಿ ಹಲ್ಲಿನ ಡಾಕ್ಟರು ಗೋಡೆಗೊರಗಿ, ಇಲ್ಲದ ಹಾಡು ಗುನುಗುತ್ತಾ ನಿಂತಿದ್ದರು.

"ಏನಾದ್ರೂ ಇದ್ಯಾ?"

"ಏನಿಲ್ಲ ಡಾಕ್ಟ್ರೇ, ಆಣೆಗೂ ಏನಿಲ್ಲ!"

ಆಣೆ ಇಟ್ಟ ಸುದ್ದಿ ಅವನಿಗಿಂತ ಮೊದಲೇ ದಂಡೆ ಸೇರಿತು. ಪಕ್ಕದೂರಿನಿಂದ ಕಾರುಗಳು ಬರತೊಡಗಿದವು. ಎಲ್ಲರೂ ಕೇಳುತ್ತಿದ್ದದ್ದು ಒಂದೇ: ಏನೂ ಇಲ್ಲ ಎನ್ನುತ್ತಿರುವ ಆಸಾಮಿ ಯಾವ ಕಡೆ ಹೋದ?

ಉರುಟುಗಲ್ಲಿನ ದಿಬ್ಬದ ಮೇಲೆ ಯಾರೂ ಕದ್ದು ನಡೆಯಲಾಗದು. ಸಿರಿಲ್ ಒಂದು ಹೆಜ್ಜೆ ಇಟ್ಟರೆ ಅವನ ಹಿಂದೆ ಗರಗರ ಎಂದು ನೂರು ಹೆಜ್ಜೆಯ ಸದ್ದು. ಅವನು ನಿಂತರೆ ಸದ್ದೂ ನಿಲ್ಲುತ್ತಿತ್ತು. ತಿರುಗಿ ನೋಡಿದರೆ ಊರಿನವರೆಲ್ಲ ಸಮುದ್ರದ ಕಡೆ ಮುಖ ಮಾಡಿ ಅಲೆಗಳ ಸೌಂದರ್ಯ ಸವಿಯುತ್ತಿದ್ದರು. ಹಸಿವಿನಿಂದ ಅವನಿಗೆ ಅಳುವೇ ಬಂತು. ಕೊನೆಗೆ ಒಂದೇ ಉಸಿರಿಗೆ ದಿಬ್ಬದಿಂದ ಜಾರಿ, ಜೌಗಿನ ಮಗ್ಗುಲಿನ ಒಂಟಿ ಪೊದೆಯ ಮರೆಗೆ ನುಗ್ಗಿ, ಕಾಗದ ಹರಿದು, ಕಣ್ಣು ಮುಚ್ಚಿ, ಪೈಯನ್ನು ಬಾಯಿ ತುಂಬ ಕಚ್ಚಿದ.

ಗರಗರ, ಗರಗರ, ಗರಗರ. ಕಣ್ಣು ಬಿಟ್ಟರೆ ಎದುರಿಗೆ ಅರ್ಧ ವೃತ್ತವಾಗಿ ಇಡೀ ಊರು. ನಡುವೆ ಹಿಲ್ಡಾ ಲಾರ್ಟರ್. ಅವರ ಪಕ್ಕದಲ್ಲಿ, ಸೆಲರಿ ಡಬ್ಬಿ ಹಿಡಿದು, ಏದುಸಿರು ಬಿಡುತ್ತಾ ಮಾವಿಸ್. ಸಿರಿಲ್ ಪೈಯನ್ನು ಬೆನ್ನ ಹಿಂದಕ್ಕೆ ಒಯ್ದು ಮೆಲ್ಲಗೆ ಕೈಬಿಟ್ಟ.

"ಸಿರಿಲ್ ಗಾಟ್ಸ್," ಎಂದರು ಹಿಲ್ಡಾ, ತರಗತಿಯಲ್ಲಿ ಹಿಂದಿನ ಬೆಂಚಿನವನನ್ನು ಎಬ್ಬಿಸುವ ಧ್ವನಿಯಲ್ಲಿ. "ಅಲ್ಲೇನು ಬಚ್ಚಿಟ್ಟಿದ್ದೀಯ?"

ಸಿರಿಲ್ ಬಾಯಲ್ಲಿದ್ದದ್ದನ್ನು ಅಗಿಯದೆ ನುಂಗಿದ. "ಏ... ಏನಿಲ್ಲ ಮೇಡಂ."

ಹುಟ್ಟಿದಾರಭ್ಯ ಕೋಳಿ ಬಿಟ್ಟು ಬೇರೆ ಹಕ್ಕಿಯ ಗೊಡವೆಗೆ ಹೋಗದ ಮಾವಿಸ್ ಗಂಡನ ಕಾಲಿನ ಸಂದಿಯಲ್ಲಿ ಬಗ್ಗಿ ನೋಡಿದಳು. "ಅಯ್ಯೋ, ನಿಮ್ಮ ಹಿಂದೆ ಅದ್ಯಾವುದ್ರೀ, ಕೆಂಪು ಕತ್ತಿಂದು? ಎಷ್ಟು ಮುದ್ದಾಗಿದೆ!"

ಇಡೀ ಅರ್ಧ ವೃತ್ತ ಒಟ್ಟಿಗೆ ಬಗ್ಗಿತು. ಹಿಲ್ಡಾರ ಕೈಯಿಂದ ಕೋಲು ಜಾರಿತು. "ಮಾಣಿಕ್ಯಕೊರಳು," ಎಂದು ಪಿಸುಗುಟ್ಟಿದರು, "ಸೈಬೀರಿಯಾದ ಮಾಣಿಕ್ಯಕೊರಳು. ದೇವರೇ, ನಮ್ಮ ಮಾರ್ಸ್‌ಬಿಯಲ್ಲಿ!"

ಸಿರಿಲ್‌ನ ಕೈ ದುರ್ಬೀನಿಗೆ ಹೋಯಿತು. ಹುಡುಗನಾಗಿದ್ದಾಗಿನಿಂದ ಕನಸಿನಲ್ಲಿ ಕಂಡ ಹಕ್ಕಿ ಅದು. ತಿರುಗಬೇಕು ಎನ್ನುವಷ್ಟರಲ್ಲಿ ಹಿಲ್ಡಾ ಬೆರಳೆತ್ತಿದರು. "ಅಲುಗಾಡಿದ್ರೆ ಹೂತುಹಾಕ್ತೀನಿ! ನೀನು ತಿರುಗಿದ್ರೆ ಅದು ಹಾರುತ್ತೆ. ಕಂಬದ ಥರ ನಿಂತಿರು."

ಸಿರಿಲ್ ಕಂಬದ ಥರ ನಿಂತ. ಟೆಲಿಸ್ಕೋಪುಗಳೆಲ್ಲ ಅವನ ಮೊಣಕಾಲುಗಳ ನಡುವೆ ಗುರಿಯಿಟ್ಟವು.

"ಏನು ಬಣ್ಣ ಅಂತೀಯ!" ಎಂದು ಡಡ್ಲಿ ಬಾಯಿ ಚಪ್ಪರಿಸಿದ. "ನೂರಾರು ಕತ್ತು ನೋಡಿದ್ದೀನಿ ಕಣಯ್ಯಾ, ಇಂಥ ಕತ್ತು ನೋಡಿಲ್ಲ."

"ಒಂದೇ ಒಂದು ಸಲ ತಿರುಗ್ಲಾ?" ಎಂದ ಸಿರಿಲ್, ತುಟಿ ಅಲುಗಿಸದೆ.

"ಸುಮ್ನಿರ್ರೀ!" ಎಂದಿತು ಊರು.

ಹಕ್ಕಿ ಬಿದ್ದ ಪೈಯ ಚೂರನ್ನು ಕುಕ್ಕುತ್ತಾ, ಬಾಲ ಎತ್ತುತ್ತಾ ಆರಾಮವಾಗಿತ್ತು. ಸಿರಿಲ್‌ನ ಕಾಲು ಜೋಮು ಹಿಡಿಯಿತು, ಮೂಗು ತುರಿಸಿತು, ಕತ್ತಿನ ಹಿಂದೆ ತುಂತುರಿನ ನೀರು ಇಳಿಯಿತು. ಬರುವವರು ಬರುತ್ತಲೇ ಇದ್ದರು, ನೋಡುತ್ತಲೇ ಇದ್ದರು. ಹಲ್ಲಿನ ಡಾಕ್ಟರು ಬಿಕ್ಕಿ ಬಿಕ್ಕಿ ಅತ್ತರು. "ನಮ್ಮಪ್ಪ ಸಾಯೋ ತನಕ ಇದನ್ನ ನೋಡ್ಬೇಕು ಅಂತಿದ್ರು," ಎಂದು ಸಿರಿಲ್‌ನ ಕರವಸ್ತ್ರವನ್ನೇ ಅವನ ಮೇಲ್ಜೇಬಿನಿಂದ ಮೆಲ್ಲಗೆ ಎಳೆದುಕೊಂಡು ಕಣ್ಣೊರೆಸಿಕೊಂಡರು.

ಸಿರಿಲ್‌ಗೆ ಒಂದು ಉಪಾಯ ಹೊಳೆಯಿತು. "ಡಡ್ಲಿ, ನಿನ್ನ ಜೇಬಲ್ಲಿ ಕೈಗನ್ನಡಿ ಇರುತ್ತಲ್ಲಪ್ಪ. ನನ್ನ ಮುಖದ ಮುಂದೆ ಹಿಡಿಯೋ, ನಿನ್ನ ದಮ್ಮಯ್ಯ."

ಡಡ್ಲಿ ಕನಿಕರದಿಂದ ಕನ್ನಡಿ ಎತ್ತಿದ. ಬೆಳಿಗ್ಗೆಯಿಂದ ತಲೆಮರೆಸಿಕೊಂಡಿದ್ದ ಸೂರ್ಯ ಆಗಲೇ ಮೋಡದಿಂದ ಇಣುಕಬೇಕೆ! ಕನ್ನಡಿಯಿಂದ ಚಿಮ್ಮಿದ ಬೆಳಕು ನೇರ ಪೊದೆಗೆ ಬಡಿಯಿತು. ಫರ್ ಎಂದು ಸದ್ದು. "ಹೋಯ್ತು!" ಎಂದು ಊರು ನರಳಿತು. ಕನ್ನಡಿಯಲ್ಲಿ ಸಿರಿಲ್ ಕಂಡದ್ದು ಇಷ್ಟೇ: ತನ್ನದೇ ಮುಖ, ಗಲ್ಲದ ಮೇಲೆ ಪೈಯ ಹೊಂಬಣ್ಣದ ಪುಡಿ.

ಅವನು ತಿರುಗಿದಾಗ ಅಲ್ಲಿದ್ದದ್ದು ಪೊದೆ ಮತ್ತು ಪೈ. ಮಾವಿಸ್ ಪೈಯನ್ನು ನೋಡಿದಳು. ಹಿಲ್ಡಾ ಸಿರಿಲ್‌ನನ್ನು ನೋಡಿದರು.

"ಬೆಳಿಗ್ಗೆಯಿಂದ ಏನೂ ಇಲ್ಲ ಅಂದೆ," ಎಂದರು ಹಿಲ್ಡಾ. "ಇಂಥಾ ಹಕ್ಕೀನ ಬಚ್ಚಿಟ್ಟು, ತಿಂಡಿ ಹಾಕಿ ಸಾಕ್ತಿದ್ದೀಯಾ? ಅಥವಾ ನಿನಗೆ ಗೊತ್ತೇ ಇರಲಿಲ್ವಾ? ಹೇಳು, ಆ ಪೈ ಯಾರಿಗೆ ತಂದದ್ದು?"

"ಹೂಂ, ಹೇಳ್ರೀ," ಎಂದಳು ಮಾವಿಸ್. "ನಾನೂ ಕೇಳ್ತೀನಿ. ಯಾರಿಗೆ ತಂದದ್ದು?"

ತನಗೆ ಎಂದರೆ ಸಂಘದಲ್ಲಿ ಬಚಾವು, ಒಲೆಯ ಪಕ್ಕದ ಮೂಲೆ ಸಂಜೆಗೆ ಅವನದು. ಆದರೆ ರಾತ್ರಿ ಮನೆಗೆ ಹೋಗಬೇಕು. ಹಕ್ಕಿಗೆ ಎಂದರೆ ಮನೆಯಲ್ಲಿ ಬಚಾವು, ಮೂಲೆ ಹೋಯಿತು. ಸಿರಿಲ್ ಹಿಲ್ಡಾರನ್ನು ನೋಡಿದ, ಮಾವಿಸ್‌ಳನ್ನು ನೋಡಿದ. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಯಾರಿಗೆ ಹೆಚ್ಚು ಹೆದರಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ.

"ಹಕ್ಕಿಗೆ," ಎಂದ.

ಮಾವಿಸ್ ಬಗ್ಗಿ ಪೈಯನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದಳು. ಅಂಚಿನಲ್ಲಿ ಅರ್ಧಚಂದ್ರದಂಥ ದೊಡ್ಡ ಕಚ್ಚು, ನಡುವೆ ಸಿರಿಲ್‌ನ ಮುಂದಿನ ಓರೆಹಲ್ಲಿನ ಗುರುತು.

"ಯಾಕ್ರೀ, ಸೈಬೀರಿಯಾದಲ್ಲಿ ಹಕ್ಕಿಗೆ ಹಲ್ಲೂ ಇರುತ್ತಾ?"

ಹಲ್ಲಿನ ಡಾಕ್ಟರು ಕಣ್ಣೊರೆಸಿಕೊಂಡು ಬಂದು ಪರೀಕ್ಷಿಸಿ, ಈ ಹಲ್ಲು ತನಗೆ ಚೆನ್ನಾಗಿ ಪರಿಚಯ ಎಂದರು. ಆದರೆ ಹಿಲ್ಡಾರಿಗೆ ಹಲ್ಲು ಬೇಕಿರಲಿಲ್ಲ. ತಪ್ಪಿತಸ್ಥ ತನ್ನ ಬಾಯಿಂದಲೇ ಒಪ್ಪಿಕೊಂಡಾಗಿತ್ತು. ಒಲೆಯ ಪಕ್ಕದ ಜಾಗ ಸಿರಿಲ್‌ಗೆ ಇನ್ನು ಎಂದೆಂದಿಗೂ ಇಲ್ಲ. ಮಾರ್ಸ್‌ಬಿಯ ಪದ್ಧತಿಯಂತೆ, ವರ್ಷದ ದೊಡ್ಡ ಹಕ್ಕಿಯನ್ನು ಮೊದಲು ಕಂಡು ಬಾಯಿಬಿಟ್ಟು ಹೇಳಿದವರಿಗೆ ಖಾಲಿಯಾದ ಜಾಗ ಸಲ್ಲಬೇಕು. ಹೇಳಿದವಳು ಮಾವಿಸ್.

"ನಂಗ್ಯಾಕೆ ಹಕ್ಕಿ ಗಿಕ್ಕಿ?" ಎಂದಳು ಮಾವಿಸ್ ಮೊದಮೊದಲು. ಒಲೆ ಇದೆ, ಒಬ್ಬಳೇ ಕೂರಬಹುದು, ಗಂಡ ಹೊರಗೇ ನಿಲ್ಲಬೇಕು ಎಂದು ತಿಳಿದ ಮೇಲೆ ತಲೆಯಾಡಿಸಿದಳು.

ಮುಂದಿನ ವಾರ ಮತ್ತೆ ಮೂಡಣ ಗಾಳಿ, ಮತ್ತೆ ತುಂತುರು. ಊರೆಲ್ಲ ದಂಡೆಯ ಮೇಲೆ. ಮರೆಮನೆಯೊಳಗೆ ಮಾವಿಸ್ ಒಬ್ಬಳೇ. ಹೊರಗೆ ಸಿರಿಲ್, ಅವಳ ಕೊಡೆ, ಅವಳ ಚೀಲ ಹಿಡಿದುಕೊಂಡು. ಒಲೆಯ ಕಡೆಯಿಂದ ಏನೋ ಬಿಸಿಯಾಗುತ್ತಿರುವ ಘಮ ಬಂತು. ಅವನು ಮೂಗರಳಿಸಿ ಕಿಂಡಿಯ ಹತ್ತಿರ ಸರಿದ.

"ಏನಾದ್ರೂ ಇದ್ಯಾ, ಮಾವಿಸ್?"

ಒಳಗೆ ಕಾಗದ ಸರಸರ ಎಂದಿತು. ಆಮೇಲೆ ಏನನ್ನೋ ಅಗಿಯದೆ ನುಂಗಿದ ಸದ್ದು.

"ಏನಿಲ್ಲ," ಎಂದು ಮಾವಿಸ್ ಕಿಂಡಿಗೆ ಮುಖ ತಂದಳು. ಗಲ್ಲದ ಮೇಲೆ ಹೊಂಬಣ್ಣದ ಪುಡಿ.

ಸಿರಿಲ್ ಜೀವಮಾನವಿಡೀ ಹಕ್ಕಿ ನೋಡಿದವನು. ಇಷ್ಟು ಖಚಿತವಾಗಿ ಯಾವುದನ್ನೂ ಅವನು ಗುರುತು ಹಿಡಿದಿರಲಿಲ್ಲ. ಸುತ್ತ ನೋಡಿದ, ಸಾಕ್ಷಿಗೆ ಒಬ್ಬ ನರಪಿಳ್ಳೆಯೂ ಇರಲಿಲ್ಲ.

"ತಗೊಳ್ಳಿ," ಎಂದು ಮಾವಿಸ್ ಕಿಂಡಿಯಿಂದ ಡಬ್ಬಿ ಚಾಚಿದಳು. "ಸೆಲರಿ ಮರೆತು ಬಂದಿದ್ರಿ."