ನಮ್ಮ ಮದುವೆ ಡಿಜಿಟಲ್ ಆದದ್ದು

ನಮ್ಮ ಮದುವೆಯ ವಿಡಿಯೊ ಕ್ಯಾಸೆಟ್ಟನ್ನು ಡಿಜಿಟಲ್ ಮಾಡುವ ಘನಕಾರ್ಯವನ್ನು ನಾನೇ ವಹಿಸಿಕೊಂಡೆ. ಡೊಂಬಿವ್ಲಿಯಿಂದ ಲೋಕಲ್ ರೈಲಿನಲ್ಲಿ ನೇತಾಡಿಕೊಂಡೇ ಇಡೀ ನೌಕರಿ ಮುಗಿಸಿದವನಿಗೆ ಒಂದು ವೈರ್ ಸಿಕ್ಕಿಸುವುದು ಮಹಾ ಕೆಲಸವೇ?

ಇದಕ್ಕೆಲ್ಲ ಕಾರಣ ನನ್ನ ಹೆಂಡತಿ ಸುಮತಿಯ ದೊಡ್ಡಮ್ಮ. ಈಗ ಘಣಸೋಲಿಯಲ್ಲಿದ್ದಾರೆ. ನಮ್ಮ ಧಾರೆಯ ಹೊತ್ತಿಗೆ ಶೋಭಾನೆ ಹಾಡಿದವರು ಅವರೇ. "ಈಗ ಸ್ವರ ಒಡೆದು ಹೋಗಿದೆ ಮಗಾ. ಆ ಹಾಡನ್ನು ಒಮ್ಮೆ ಕೇಳ್ಬೇಕು" ಎಂದಿದ್ದರು. ಅವರ ಹುಟ್ಟುಹಬ್ಬಕ್ಕೆ ಅದೇ ಉಡುಗೊರೆ ಎಂದು ಸುಮತಿ ತೀರ್ಮಾನಿಸಿದಳು.

"ಠಾಣೆ ಪೇಟೆಯಲ್ಲಿ ಇದನ್ನು ಮಾಡಿಕೊಡುವ ಅಂಗಡಿ ಉಂಟಂತೆ. ಅಲ್ಲಿ ಕೊಡುವ."

"ನಾನಿರುವಾಗ ಅಂಗಡಿ ಎಂತಕ್ಕೆ?"

ಹಳೆಯ ವಿಸಿಆರನ್ನು ಅಟ್ಟದಿಂದ ಇಳಿಸಿ ಲ್ಯಾಪ್‌ಟಾಪಿಗೆ ಜೋಡಿಸಿದೆ. ಕೇಬಲ್‌ಗೆ ಹಳದಿ, ಕೆಂಪು, ಬಿಳಿ ಮೂರು ಪಿನ್. ಹಳದಿ ಸಿಕ್ಕಿಸಿದ ಕೂಡಲೇ ಚಿತ್ರ ಬಂತು. ಉಳಿದೆರಡು ಸ್ಪೇರ್ ಎಂದು ತೀರ್ಪು ಕೊಟ್ಟೆ!

"ಶಬ್ದವೇ ಇಲ್ವಲ್ಲ?"

"ಈಗ ಒಳಗೆ ಹೋಗ್ತಾ ಉಂಟು. ಹೊರಗೆ ಬರುವುದು ಆಮೇಲೆ."

ಮೂರು ಗಂಟೆಯ ಮದುವೆ ಒಳಗೆ ಹೋಗಲು ಮೂರು ಗಂಟೆಯೇ ಬೇಕು. ಸುಮತಿ ಮಿಕ್ಸಿ ಹಾಕಿದಳು. ನಾನು ಸೋಫಾದಲ್ಲಿ ಮಲಗಿ ಕಾವಲು ಕಾದೆ. ಕೊನೆಗೆ ರಿವೈಂಡ್ ಒತ್ತಿದರೆ ವಿಸಿಆರ್ ಕ್ಯಾಸೆಟ್ಟನ್ನು ಕರಕರ ಅಗಿದುಬಿಟ್ಟಿತು. "ಹೋಗ್ಲಿ ಬಿಡು, ಮದುವೆ ಈಗ ಸುರಕ್ಷಿತ" ಎಂದು ರೀಲಿನ ಮುದ್ದೆಯನ್ನು ಕಸಕ್ಕೆ ಹಾಕಿದೆ. ಫೈಲ್ ತೆರೆದು ನೋಡಲಿಲ್ಲ. ಮೊದಲೇ ನೋಡಿದರೆ ಮಜಾ ಏನು? ಬದಲಿಗೆ, ಹುಟ್ಟುಹಬ್ಬದ ದಿನವೇ ತೆರೆಯಬೇಕೆಂದು ಹೇಳಿ, ದೂರದ ಟಿಟ್ವಾಳಾದವರೆಗಿನ ಸಮಸ್ತ ಬಂಧುಗಳಿಗೆ ಕುಟುಂಬದ ಗ್ರೂಪ್‌ನಲ್ಲಿ ಲಿಂಕ್ ಹಂಚಿದೆ!

ಹುಟ್ಟುಹಬ್ಬದ ದಿನ ಬಂಧುಗಳೆಲ್ಲ ಘಣಸೋಲಿಯಲ್ಲಿ ಸೇರಿದೆವು. ದೊಡ್ಡಮ್ಮ ಕನ್ನಡಕ ಒರೆಸಿಕೊಂಡು ಟಿವಿಯ ಹತ್ತಿರ ಕುರ್ಚಿ ಎಳೆದರು. ಪರದೆಯ ಮೇಲೆ ಕಪ್ಪು ಕೂದಲಿನ ದೊಡ್ಡಮ್ಮ ಹಾಡಲು ಬಾಯಿ ತೆರೆದರು. ಮಿಕ್ಸಿ ಗುರ್ ಎಂದಿತು! ಹಿಂದೆಯೇ ನನ್ನ ಧ್ವನಿ: "ಇವರ ಹಾಡು ಮುಗಿಯುವಷ್ಟರಲ್ಲಿ ನಾನು ಹಸಿದು ಸಾಯ್ಲಿಕ್ಕಿದ್ದೆ ಮಾರಾಯ್ತಿ!" ಆಮೇಲೆ ಹಾಡಿನ ಕೊನೆಯವರೆಗೂ ಗೊರಕೆ.

"ಪಪ್ಪಾ, ಯೇ ತೋ ಆಪ್ ಹೋ!" ಎಂದು ನನ್ನ ಗೊರಕೆಯನ್ನು ಹಿಂದಿಯಲ್ಲೇ ಗುರುತಿಸಿದಳು ಮಗಳು.

ಲ್ಯಾಪ್‌ಟಾಪ್ ಕ್ಯಾಸೆಟ್ಟಿನ ಶಬ್ದ ಬಿಟ್ಟು ಆ ಮೂರು ಗಂಟೆ ನಮ್ಮ ಮನೆಯ ಶಬ್ದ ಹಿಡಿದಿತ್ತು; ನಾನು ಸ್ಪೇರ್ ಎಂದ ಪಿನ್ನುಗಳೇ ಶಬ್ದದವು. ಸುಮತಿಯ ಕಣ್ಣು ತುಂಬಿತು. ನಾನು ಟಿವಿ ಆರಿಸಲು ಎದ್ದೆ.

ದೊಡ್ಡಮ್ಮ ಮಾತ್ರ ಬಿದ್ದು ಬಿದ್ದು ನಕ್ಕರು. "ಅಳಿಯಂದಿರು ಶ್ರುತಿ ಹಿಡಿದೇ ಗೊರಕೆ ಹೊಡೀತಾರೆ. ಟಿವಿ ಇರ್ಲಿ, ನಾನು ಹಾಡ್ತೇನೆ" ಎಂದವರೇ ಒಡೆದ ಸ್ವರದಲ್ಲಿ ಶುರುಮಾಡಿದರು. ಎಲ್ಲರೂ ಮೊಬೈಲ್ ಎತ್ತಿ ರೆಕಾರ್ಡ್ ಮಾಡಿಕೊಂಡರು. ನಾನೂ ಜೇಬಿಗೆ ಕೈ ಹಾಕಿದೆ.

"ನೀವು ಮುಟ್ಬೇಡಿ!" ಎಂದು ಸುಮತಿ ದೊಡ್ಡಮ್ಮನ ನೀರಿನ ಲೋಟವನ್ನು ನನ್ನ ಕೈಗೆ ಕೊಟ್ಟಳು.

ಹಾಡು ಮುಗಿಯುವವರೆಗೂ ಹಿಡಿದು ನಿಂತಿದ್ದೆ. ಒಂದು ಹನಿಯೂ ಚೆಲ್ಲಲಿಲ್ಲ. ಬೇಕಾದರೆ ವಿಡಿಯೊ ನೋಡಿ!