ಗುಡುಗು ಸಹಿತ ಮಳೆ ಮತ್ತು ನನ್ನ ಕಾಲು

ಒಬ್ಬೊಬ್ಬರಿಗೆ ಒಂದೊಂದು ಹೆದರಿಕೆ. ಕೆಲವರಿಗೆ ಹಾವು, ಕೆಲವರಿಗೆ ಹೆಡ್‌ಮಾಸ್ತರರು, ಕೆಲವರಿಗೆ ಹೆಂಡತಿಯ ತವರಿನವರು. ನನಗೆ ರೇಡಿಯೋದ ಹವಾಮಾನ ವರದಿ. ವರ್ಷದ ಉಳಿದ ತಿಂಗಳು ಅದರ ಗೊಡವೆಗೆ ಹೋಗುವವನಲ್ಲ. ಬೇವು ಚಿಗುರಿ ಯುಗಾದಿ ಹತ್ತಿರ ಬಂತೆಂದರೆ ಮಾತ್ರ ಊಟದ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ‘ಉತ್ತರ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ ಸಂಭವವಿದೆ’ ಎಂದು ಆ ಹೆಣ್ಣುಮಗಳು ಬದನೆಕಾಯಿ ಬೆಲೆ ಹೇಳಿದಷ್ಟು ನಿರಾಳವಾಗಿ ಹೇಳಿಬಿಡುತ್ತಿದ್ದಳು. ಒಳನಾಡೇನು ಚಿಕ್ಕದೇ? ಆದರೂ ಆ ಒಂದೆರಡು ಕಡೆಗಳಲ್ಲಿ ಒಂದು ನಮ್ಮ ಹುಮನಾಬಾದ, ಇನ್ನೊಂದು ನನ್ನ ನೆತ್ತಿ ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಇದಕ್ಕೆ ಕಾರಣ ನಾನು ಹುಟ್ಟಿದ ರೀತಿ. ತಲೆಗಿಂತ ಮೊದಲು ಕಾಲು ಹೊರಗಿಟ್ಟು ಹುಟ್ಟಿದವರನ್ನು ನಮ್ಮ ಕಡೆ ‘ಪಾಯಾಳು’ ಎನ್ನುತ್ತಾರೆ. ಸೊಂಟ ಹಿಡಿದವರನ್ನು ಪಾಯಾಳು ಒದ್ದರೆ ನೋವು ಮಾಯವಾಗುತ್ತದಂತೆ. ಗುಡುಗಿದಾಗ ಸಿಡಿಲು ಪಾಯಾಳುವನ್ನೇ ಹುಡುಕಿಕೊಂಡು ಬರುತ್ತದಂತೆ. ಬಸವಕಲ್ಯಾಣದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು, ಇವೆರಡೂ ಶುದ್ಧ ಮೂಢನಂಬಿಕೆ ಎಂದು ಮೇಜು ಗುದ್ದಿ ಪಾಠ ಮಾಡುತ್ತಿದ್ದೆ. ಸಂಜೆ ಹುಮನಾಬಾದಿನ ಮನೆಗೆ ಬಂದರೆ ಕಟ್ಟೆಯ ಮೇಲೆ ಯಾರಾದರೊಬ್ಬರು ಸೊಂಟ ಹಿಡಿದುಕೊಂಡು ಕಾಯುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಒದೆಯುತ್ತಿದ್ದೆ. ಒದೆಸಿಕೊಂಡವರು ‘ಬಾಳ ಆರಾಮ ಆತ್ರಿ ಸರ’ ಎಂದು ಕೈಮುಗಿದು ಹೋಗುತ್ತಿದ್ದರು. ಇಂಥ ಭಾಗ್ಯ ಎಷ್ಟು ಮಾಸ್ತರರಿಗೆ ಸಿಕ್ಕೀತು? ಹಾಗಾಗಿ ಒದೆಯುವ ವಿಷಯದಲ್ಲಿ ನಾನು ಹೆಚ್ಚು ವಾದಕ್ಕಿಳಿಯುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಒಂದು ವರ್ಷ, ಯುಗಾದಿಯ ಹಿಂದುಮುಂದು. ಬೆಳಿಗ್ಗೆ ವರದಿ ಕೇಳಿದ ಹೆಂಡತಿ, “ಏನ್ರಿ, ಇವತ್ತ ಗುಡುಗ ಅದ ಅಂತ. ಸಾಲಿಗಿ ರಜಾ ಹಾಕ್ರಿ” ಎಂದಳು. “ಸಿಡ್ಲಿಗಿ ಹೆದರಿ ರಜಾ ಹಾಕಿದ್ರ ವಿಜ್ಞಾನದ ಮಾಸ್ತರಗ ಮರ್ಯಾದಿ ಏನ್ ಉಳೀತದ?” ಎಂದು ಹೊರಟೆ. ಮರ್ಯಾದೆ ಸಂಜೆಯವರೆಗೂ ಉಳಿಯಿತು. ಮರಳುವಾಗ ಬಾಡಿಗೆ ಜೀಪು ಅರ್ಧ ದಾರಿ ಬಂದಿತ್ತು, ಅಷ್ಟರಲ್ಲಿ ಪಡುವಣದ ಆಕಾಶ ಹಂಚಿನ ತಳದಂತೆ ಕಪ್ಪಾಯಿತು. ಗಾಳಿ ಎದ್ದಿತು. ಆಣೆಕಲ್ಲು ಟಪಟಪ ಬಿದ್ದು ಮುಂದಿನ ಗಾಜು ಬಿರುಕು ಬಿಟ್ಟಿತು. ಡ್ರೈವರ್ “ಇಳೀರಿ, ಓಡ್ರಿ” ಎಂದು ಎಲ್ಲರಿಗಿಂತ ಮೊದಲು ತಾನೇ ಓಡಿದ.

ರಸ್ತೆಯ ಪಕ್ಕ ಬೆಲ್ಲದ ಗಾಣದ ತಗಡಿನ ಶೆಡ್ಡು. ಸುಗ್ಗಿ ಮುಗಿದು ಖಾಲಿ ಬಿದ್ದಿತ್ತು. ಮೂರು ಕಡೆ ಗೋಡೆ, ಒಂದು ಕಡೆ ಬಯಲು. ಒಳಗೆ ಆಗಲೇ ಹೊಲದ ಮಂದಿ ತುಂಬಿದ್ದರು. ನಾನು ನಡುವೆ ನುಗ್ಗಿ, ಸುತ್ತ ನಾಲ್ಕೂ ಕಡೆ ಜನ ಇರುವ ಜಾಗ ಹಿಡಿದು ನಿಂತೆ. ಆಣೆಕಲ್ಲು ನಿಲ್ಲಲೆಂದು ಮುದುಕನೊಬ್ಬ ಕಬ್ಬು ಕಡಿಯುವ ಕೊಯ್ತಾ ತೆಗೆದು ಅಂಗಳಕ್ಕೆ ಎಸೆದ. ನಮ್ಮಲ್ಲಿ ಅದೊಂದು ಪದ್ಧತಿ. ಆಗಲೇ ನನ್ನ ಗ್ರಹಚಾರ ಘಾಟಬೋರಾಳದ ಕಾಶಮ್ಮನ ರೂಪದಲ್ಲಿ ತಿರುಗಿ ನೋಡಿತು. ದೀಪಾವಳಿಯಲ್ಲಿ ನನ್ನಿಂದ ಒದೆಸಿಕೊಂಡಿದ್ದ ಮಹಾತಾಯಿ.

“ಅಯ್ಯ, ನಮ್ಮ ಸರ! ಇವರ ಕಾಲಾಗ ಬಾಳ ಗುಣ ಅದರಿ. ಒಂದ ಸಲ ಒದ್ದಾರ, ನನ್ನ ಟೊಂಕ ಹೂವಾಗ್ಯಾದ. ಪಾಯಾಳು ಹುಟ್ಯಾರ!”

ತಾಯಂದಿರು ಮಕ್ಕಳನ್ನು ಹತ್ತಿರ ಎಳೆದುಕೊಂಡರು. ಕಾಶಮ್ಮನಿಗೂ ತಾನೇನು ಹೇಳಿದೆ ಎಂದು ಹೊಳೆದು ಬಾಯಿಗೆ ಸೆರಗು ಒತ್ತಿಕೊಂಡಳು. ಸುತ್ತಲಿದ್ದವರು ಮೆಲ್ಲಗೆ ಸರಿದರು. ಅಷ್ಟು ಇಕ್ಕಟ್ಟಿನಲ್ಲಿ ಅಷ್ಟೊಂದು ಜಾಗ ಎಲ್ಲಿತ್ತೋ! ಕೊಯ್ತಾ ಎಸೆದ ಮುದುಕ ಬಹಳ ಮರ್ಯಾದೆಯಿಂದ, “ತಪ್ಪ ತಿಳೀಬ್ಯಾಡ್ರಿ ಸರ, ಮಕ್ಕಳು ಮರಿ ಅದಾವ. ಜರಾ ಬಯಲ ಕಡಿ ನಿಂದ್ರತೀರೇನ್ರಿ?” ಎಂದ. ನಾನು ಮೋಡ, ವಿದ್ಯುತ್ತು, ಎತ್ತರದ ಮರ ಎಂದು ಪಾಠ ಶುರುಮಾಡಿದೆ. ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಹತ್ತಿರದಲ್ಲೇ ಎಲ್ಲೋ ಸಿಡಿಲು ಬಿದ್ದು ತಗಡು ನಡುಗಿತು. ಎಲ್ಲರೂ ನನ್ನನ್ನೇ ನೋಡಿದರು. ನಾನೂ ನನ್ನ ಕಾಲನ್ನೇ ನೋಡಿಕೊಂಡೆ. ಸರಿಯುತ್ತ ಸರಿಯುತ್ತ ಬಯಲಿನ ಅಂಚಿಗೆ ಬಂದು ನಿಂತೆ. ಇವತ್ತು ಸತ್ತೆ ಎಂದೇ ಅನ್ನಿಸಿತು. ರಜೆ ಹಾಕಿದ್ದರೆ ಬದುಕುತ್ತಿದ್ದೆ ಎಂದೂ ಅನ್ನಿಸಿತು.

ಆಗ ಬೇಮಳಖೇಡದ ಕಿರಾಣಿ ಅಂಗಡಿಯ ಸಾಹುಕಾರರು ಮೂಲೆಯಿಂದ ಎದ್ದು ಬಂದು ನನ್ನ ಪಕ್ಕ ನಿಂತರು. ಜೀಪಿನಲ್ಲಿ ನನ್ನ ಜೊತೆಗೇ ಬಂದವರು. ನನ್ನ ಕೈ ಹಿಡಿದು ಕಿವಿಯಲ್ಲಿ, “ಅಂಜಬ್ಯಾಡ್ರಿ ಸರ. ಯಾರ ಮುಂದೂ ಹೇಳಬ್ಯಾಡ್ರಿ, ನಾನೂ ಪಾಯಾಳೇ. ಆಗೋದ ಆಗಲಿ, ಇಬ್ಬರೂ ಕೂಡೇ ನಿಂದ್ರೋಣು” ಎಂದರು.

ಅವರ ಕೈ ಬೆಚ್ಚಗಿತ್ತು. ಅಷ್ಟು ಜನರಲ್ಲಿ ನನ್ನ ಹತ್ತಿರ ಬಂದ ಮನುಷ್ಯ ಅವರೊಬ್ಬರೇ. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮತ್ತೊಮ್ಮೆ ಫಳ್ಳನೆ ಮಿಂಚಿತು. ನಾನು ಕೈ ಕೊಸರಿಕೊಂಡು ಒಳಗೆ ಹಾರಿ, ಇಡೀ ಶೆಡ್ಡಿಗೆ ಕೇಳುವಂತೆ ಕೂಗಿದೆ: “ಸಾಹುಕಾರ್ರೂ ಪಾಯಾಳು ಅದಾರ್ರಿ!”