ಮೂರನೇ ಸಾಲು ಹುಡುಕಿದ ಡಬ್ಬಿ

ಸಕಲೇಶಪುರದಲ್ಲಿ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ರವಿಚಂದ್ರನಿಗೆ ರುಚಿ ನೋಡುವ ಕೆಲಸ. ದಿನಕ್ಕೆ ನಲವತ್ತು ಲೋಟ ಕಾಫಿಯನ್ನು ಸೊರ್ರೆಂದು ಹೀರಿ, ಬಾಯಲ್ಲಿ ಹೊರಳಿಸಿ, ಉಗಿದು ಬರುವವನಿಗೆ ಮನೆಯ ಕಾಫಿ ಯಾವತ್ತೂ ಒಪ್ಪಿಗೆಯಾದದ್ದಿಲ್ಲ. (ಮನೆಯಲ್ಲಿ ಉಗಿಯುವುದಿಲ್ಲವಲ್ಲ, ದೇವರು ದೊಡ್ಡವನು ಎಂದುಕೊಂಡು ಹೆಂಡತಿ ಜಗದಾಂಬ ಹದಿನೆಂಟು ವರ್ಷ ತಳ್ಳಿದ್ದಳು.) ನಾಲಿಗೆಯೇ ಇಷ್ಟು ಸೂಕ್ಷ್ಮವಾಗಿರುವಾಗ ಅದಕ್ಕೆ ನಾಲ್ಕು ಬೆರಳು ದೂರದಲ್ಲಿರುವ ಕಿವಿ ಮಂದವಾಗಿರಲು ಸಾಧ್ಯವೇ ಎಂಬುದು ಅವನ ತರ್ಕ. ಆ ತರ್ಕದ ಫಲವಾಗಿ 2006ರ ಒಂದು ಶನಿವಾರ ಬೆಂಗಳೂರಿನಿಂದ ಕೊರಿಯರಿನಲ್ಲಿ ಒಂದು ಕಪ್ಪು ಡಬ್ಬಿ ಬಂತು.

ಡಬ್ಬಿ ತರಿಸಿದ್ದು ಮಾತ್ರ ಜಗದಾಂಬಳಿಗಾಗಿ. ಅವಳ ತಾಯಿ, ಪಾಳ್ಯದ ರಾಮಮ್ಮ, ತೀರಿಕೊಂಡು ಆರು ವರ್ಷವಾಗಿತ್ತು. ರಾಗಿ ಬೀಸುತ್ತ ಪದ ಕಟ್ಟುವುದರಲ್ಲಿ ಆಕೆಯನ್ನು ಮೀರಿಸುವವರು ಆ ಹೋಬಳಿಯಲ್ಲಿ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಮಗಳು ಅಳಿಯ ಬಂದಿದ್ದಾಗ ಆಕೆ ಒಂದು ಪದ ಕಟ್ಟಿ ಹಾಡಿದ್ದಳು. ಜಗದಾಂಬಳ ತಮ್ಮ ಮಂಜುನಾಥ ಅದನ್ನು ಟೇಪಿನಲ್ಲಿ ಹಿಡಿದಿಟ್ಟಿದ್ದ. ತಾಯಿಯ ದನಿ ಎಂದು ಉಳಿದದ್ದು ಅದೊಂದೇ. ಕ್ಯಾಸೆಟ್ ಸವೆಯುತ್ತ ಬಂದಾಗ ಹಾಸನದ ಅಂಗಡಿಯಲ್ಲಿ ಸಿ.ಡಿ.ಗೆ ಇಳಿಸಿ, ಅಲ್ಲಿಂದ ಮನೆಯ ಕಂಪ್ಯೂಟರಿಗೆ ಹಾಕಿಸಿದ್ದಾಗಿತ್ತು. ಆದರೆ ಮೂರು ಸಾಲಿನ ಆ ಪದದಲ್ಲಿ ಕೇಳುತ್ತಿದ್ದದ್ದು ಎರಡೇ ಸಾಲು:

ಹೊಳೆಯ ದಾಟಿದ ಮಗಳು ಹಿಂತಿರುಗಿ ನೋಡ್ಯಾಳೆ
ತವರೀನ ದೀಪ ಮಿಣುಕ್ಯಾವೆ, ಹಡೆದವ್ವ...

ಹಡೆದವ್ವ ಏನು ಮಾಡಿದಳು ಎನ್ನುವ ಹೊತ್ತಿಗೆ ಬರೀ ಗುಜುಗುಜು. ಶುಕ್ರವಾರ ದೀಪ ಹಚ್ಚಿದಾಗ ಜಗದಾಂಬ ಆ ಎರಡು ಸಾಲು ಹೇಳಿ, ಮೂರನೆಯದರ ಜಾಗದಲ್ಲಿ ಸುಮ್ಮನೆ ಕೈಮುಗಿಯುತ್ತಿದ್ದಳು. ಕೇಳೋಣವೆಂದರೆ ಆ ಪದ ಊರಲ್ಲಿ ಬೇರೆ ಯಾರಿಗೂ ಬಾರದು.

"ಅಷ್ಟೇ ತಾನೆ?" ಎಂದು ರವಿಚಂದ್ರ ಭಾನುವಾರ ಬೆಳಿಗ್ಗೆ ಡಬ್ಬಿ ಬಿಚ್ಚಿದ. "ಆ ಸಾಲು ಅದರೊಳಗೇ ಐತೆ. ಇವತ್ತು ಹೊರಗೆ ತೆಗೀತೀನಿ."

"ಇದು ಏನು ಮಾಡ್ತದೆ ರೀ?"

"ಕಂಪ್ಯೂಟರಿನಲ್ಲಿ ಹಾಡು ಹಾಡಾಗಿ ಇರಾಕಿಲ್ಲ ಕಣೆ. ಬರೀ ಅಂಕಿಯಾಗಿ ಇರ್ತದೆ. ಆ ಅಂಕೀನ ಈ ಡಬ್ಬಿ ಮತ್ತೆ ದನಿ ಮಾಡ್ತದೆ."

ಜಗದಾಂಬ ಡಬ್ಬಿಯನ್ನು ಬಗ್ಗಿ ನೋಡಿದಳು. "ಹಂಗಾದ್ರೆ ನಮ್ಮವ್ವ ಈಗ ಅಂಕಿಯಾಗವಳಾ?"

"ಅವಳ ದನಿ. ಹಸಿ ಬೀಜ ಇದ್ದಂಗೆ ಅಂತ ತಿಳ್ಕೊ. ಹುರಿಯೋನು ಸರಿಯಾಗಿ ಹುರಿದ್ರೇ ಪರಿಮಳ."

"ಇಷ್ಟು ದಿನ ಯಾರು ಹುರೀತಿದ್ರು?"

"ಕಂಪ್ಯೂಟರೇ ತನ್ನೊಳಗೆ ಸೀಯಿಸಿ ಕೊಡ್ತಿತ್ತು."

ಈ ಉಪಮೆ ಅವನಿಗೇ ಬಹಳ ಹಿಡಿಸಿತು. ಕಂಪ್ಯೂಟರಿನಿಂದ ಡಬ್ಬಿಗೆ ಒಂದು ವೈರು, ಡಬ್ಬಿಯಿಂದ ಆಂಪ್ಲಿಫೈಯರಿಗೆ ಒಂದು ವೈರು ಸಿಕ್ಕಿಸಿದ. ಹಳೆಯ ವೈರನ್ನೂ ಕೀಳಲಿಲ್ಲ. ಆಂಪ್ಲಿಫೈಯರಿನ ನಾಬು ಎಡಕ್ಕೆ ತಿರುಗಿಸಿದರೆ ಹಳೇ ದಾರಿ, ಬಲಕ್ಕೆ ತಿರುಗಿಸಿದರೆ ಡಬ್ಬಿಯ ದಾರಿ. ಹಾಕಿ ಕೇಳಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ವೃತ್ತಿಧರ್ಮ ಎಂಬುದೊಂದು ಇದೆಯಲ್ಲ. ಪರೀಕ್ಷೆ ಶಾಸ್ತ್ರೋಕ್ತವಾಗಿ ಆಗಬೇಕೆಂದ ರವಿಚಂದ್ರ, ಪಕ್ಕದ ಮನೆಯ ನಂಜುಂಡಯ್ಯನವರನ್ನು ಸಾಕ್ಷಿಗೆ ಕರೆದ. ಅವರು ಎಡಕುಮೇರಿ ಸ್ಟೇಷನ್ನಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಾಡಿನ ಆ ತುದಿಯಲ್ಲಿ ರೈಲು ಬರುವಾಗಲೇ ಗೂಡ್ಸೋ ಪ್ಯಾಸೆಂಜರೋ ಎಂದು ಹೇಳಬಲ್ಲ ಕಿವಿ ತಮ್ಮದು ಎನ್ನುತ್ತಿದ್ದರು.

"ನಮ್ಮಲ್ಲಿ ಯಾವ ಲೋಟದಲ್ಲಿ ಯಾವ ಎಸ್ಟೇಟಿನ ಕಾಫಿ ಐತೆ ಅಂತ ರುಚಿ ನೋಡೋನಿಗೆ ಗೊತ್ತಾಗಬಾರ್ದು" ಎಂದು ರವಿಚಂದ್ರ ಗೋಡೆಯ ಕಡೆ ಮುಖ ಮಾಡಿ ಕೂತ. "ಜಗದಾಂಬ, ಪದ ಎರಡು ಸಲ ಹಾಕು. ಒಂದು ಸಲ ನಾಬು ಎಡಕ್ಕೆ, ಒಂದು ಸಲ ಬಲಕ್ಕೆ. ಯಾವುದು ಮೊದಲು ಅಂತ ನಿನ್ನಿಷ್ಟ. ಆದ್ರೆ ನಾನು ಮಾರ್ಕು ಬರೆದು ಮುಗಿಸೋ ತನಕ ತುಟಿ ಬಿಚ್ಚಬಾರ್ದು. ರುಚಿ ನೋಡೋ ಕೋಣೆಯಲ್ಲಿ ನಮ್ಮ ಮ್ಯಾನೇಜರೂ ಕೆಮ್ಮೋ ಹಂಗಿಲ್ಲ."

ಮೊದಲ ಸಲ ಪದ ಮುಗಿಯಿತು. ಎರಡನೆಯದಕ್ಕೆ ಮೊದಲು ಒಂದಿಷ್ಟು ಹೊತ್ತು ನಿಶ್ಶಬ್ದ. ಹೆಂಡತಿ "ರೀ" ಎನ್ನಲು ಹೊರಟದ್ದು ಕೇಳಿ ರವಿಚಂದ್ರ ಹಿಂತಿರುಗದೆ ಬೆರಳೆತ್ತಿದ. ಪದ ಮತ್ತೆ ಬಂತು. ಅವನು ಕಣ್ಣು ಮುಚ್ಚಿ, ತಲೆ ತೂಗಿ, ಮಾರ್ಕು ಬರೆದ.

"ಮೊದಲನೇದಕ್ಕೆ ನಾಲ್ಕು. ತೆಳು, ನೀರುನೀರು. ಎರಡನೇದಕ್ಕೆ ಒಂಬತ್ತು. ಮೈ ತುಂಬಿಕೊಂಡೈತೆ, ಕೊನೆಗೆ ಒಂಚೂರು ಹುಳಿ, ಅಷ್ಟೇ. ಎರಡನೇದೇ ಡಬ್ಬಿ. ಏನಂತೀರಿ ನಂಜುಂಡಯ್ನೋರೆ?"

"ಅನುಮಾನವೇ ಇಲ್ಲ" ಎಂದರು ನಂಜುಂಡಯ್ಯ. "ಮೊದಲನೇದು ಸುರಂಗದೊಳಗೆ, ಎರಡನೇದು ಸುರಂಗ ದಾಟಿ ಬಯಲಿಗೆ ಬಂದಂಗೆ."

"ಮೂರನೇ ಸಾಲೂ ಸಿಕ್ತು. 'ಹಡೆದವ್ವ ಬಾಗಿಲ ಮುಚ್ಚಿ ಅಳುತಾಳೆ.' ಬರ್ಕೊ ಜಗದಾಂಬ."

"ನಮ್ಮವ್ವ ಬಾಗಿಲು ಮುಚ್ಚಿಕೊಂಡು ಅಳೋಳಲ್ಲ" ಎಂದಳು ಜಗದಾಂಬ. "ಈಗ ಮಾತಾಡಬಹುದಾ?"

"ಮಾತಾಡು."

"ಬಲಕ್ಕೆ ತಿರುಗಿಸಿದ್ರೆ ಸದ್ದೇ ಬರಲಿಲ್ಲ ಕಣ್ರೀ. ಹೇಳೋಣ ಅಂದ್ರೆ ನೀವು ಬೆರಳು ಎತ್ತಿದ್ರಿ. ಅದಕ್ಕೇ ಮತ್ತೆ ಎಡಕ್ಕೇ ತಿರುಗಿಸಿದೆ. ಎರಡು ಸಲವೂ ಹಳೇದೇ ಹಾಡಿದ್ದು."

ನಂಜುಂಡಯ್ಯ ಸ್ಪೀಕರಿನ ಧೂಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. ರವಿಚಂದ್ರ ಮಾರ್ಕಿನ ಚೀಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟು, ಬೆಂಗಳೂರಿನ ಅಂಗಡಿಗೆ ಫೋನು ಮಾಡಿದ. ವೈರು ಸಿಕ್ಕಿಸಿದರೆ ಸಾಲದು, ದನಿಯನ್ನು ಡಬ್ಬಿಗೆ ಕಳಿಸು ಎಂದು ಕಂಪ್ಯೂಟರಿಗೂ ತಿಳಿಸಬೇಕಂತೆ. ಅವರು ಹೇಳಿದ ಕಡೆ ಒತ್ತಿದ. ಡಬ್ಬಿಯ ಮೇಲೆ ನೀಲಿ ದೀಪ ಹೊತ್ತಿತು. ಈ ಸಲ ಅವನು ಗೋಡೆಯ ಕಡೆ ತಿರುಗಲಿಲ್ಲ.

ಬೀಸುವ ಕಲ್ಲಿನ ಸದ್ದು ಮೊದಲು ಬಂತು. ಇಷ್ಟು ವರ್ಷ ಅದು ಟೇಪಿನ ಗೊರಗೊರ ಎಂದೇ ಅವರೆಲ್ಲ ತಿಳಿದಿದ್ದರು. ಆಮೇಲೆ ರಾಮಮ್ಮನ ದನಿ, ನಡುಮನೆಯಲ್ಲೇ ಕೂತಂತೆ. ಜಗದಾಂಬ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ಪದ ಹೊಳೆ ದಾಟಿತು, ದೀಪ ಮಿಣುಕಿತು. ಗುಜುಗುಜು ಇದ್ದ ಕಡೆ, ಟೇಪಿನ ಪಕ್ಕದಲ್ಲೇ ಕೂತಿದ್ದ ಯಾರೋ ಯುವಕನ ಪಿಸುಮಾತು ಅಕ್ಷರ ಅಕ್ಷರವಾಗಿ ಕೇಳಿತು:

"ಮಂಜ, ನಿಮ್ಮವ್ವಂದು ಇನ್ನೆಷ್ಟು ಹೊತ್ತು ಐತೆ ಮಾರಾಯ? ಹೊಟ್ಟೆ ಹಸಿದು ಸಾಯ್ತಾ ಇವ್ನಿ."

"ಸುಮ್ನಿರಿ ಭಾವ, ಟೇಪು ಓಡ್ತಾ ಐತೆ."

"ಹಡೆದವ್ವ..." ಎಂದು ಮತ್ತೆ ಎತ್ತಿಕೊಂಡ ರಾಮಮ್ಮ ಅಲ್ಲಿಗೇ ನಿಲ್ಲಿಸಿದಳು. ಕಲ್ಲಿನ ಸದ್ದೂ ನಿಂತಿತು. "ಪಾಪ, ಅಳಿಯಂದ್ರು ಹಸಿದವ್ರೆ. ಎಲೆ ಹಾಕ್ರವ್ವ ಮೊದ್ಲು. ಪದ ಎಲ್ಲಿಗೂ ಓಡೋಗಾಕಿಲ್ಲ." ಟಕ್ ಎಂದು ಟೇಪು ನಿಂತಿತು.

"ಗೂಡ್ಸ್ ಬರೋ ಹೊತ್ತಾಯ್ತು" ಎನ್ನುತ್ತ ನಂಜುಂಡಯ್ಯ ಎದ್ದರು. (ಅವರು ನಿವೃತ್ತರಾಗಿ ಏಳು ವರ್ಷವಾಗಿತ್ತು.)

ಜಗದಾಂಬ ಬೈಯಲಿಲ್ಲ, ಅಳಲೂ ಇಲ್ಲ. "ಹಂಗಾದ್ರೆ ಮೂರನೇ ಸಾಲು ಹಾಡೇ ಇಲ್ಲ ನಮ್ಮವ್ವ" ಎಂದಳು, ಬಹುದಿನದ ಒಗಟು ಬಿಡಿಸಿದವಳಂತೆ. "ಹಡೆದವ್ವ ಅಳಿಯನಿಗೆ ಎಲೆ ಹಾಕಿಸ್ಯಾಳೆ." ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಹಾಕಿದಳು. ಮುಗಿದೊಡನೆ ಮತ್ತೆ.

ಹನ್ನೆರಡಾಯಿತು. ಒಂದಾಯಿತು. ಒಲೆಯ ಮೇಲೆ ಏನೂ ಇಲ್ಲವೆಂದು ರವಿಚಂದ್ರ ಮೂರು ಸಲ ಹೋಗಿ ನೋಡಿ ಬಂದ. ಎರಡರ ಹೊತ್ತಿಗೆ ನಡುಮನೆಯ ಬಾಗಿಲಿಗೆ ಒರಗಿ ನಿಂತ. ಅವನಿಗೆ ಕೇಳಬೇಕಾಗಿದ್ದದ್ದು ಒಂದೇ ಒಂದು ಪ್ರಶ್ನೆ. ಅದನ್ನು ಡಬ್ಬಿ ಅವನದೇ ದನಿಯಲ್ಲಿ, ಅವನಿಗಿಂತ ಸ್ಪಷ್ಟವಾಗಿ, ನಾಲ್ಕು ನಿಮಿಷಕ್ಕೊಮ್ಮೆ ಕೇಳುತ್ತಲೇ ಇತ್ತು.